ಎರಡನೆಯ ಸರ್ವರ್

ಜುಲೈ 29, ಸೋಮವಾರ, ಬೆಳಿಗ್ಗೆ 10.40. ಒದ್ದೆ ಬಟ್ಟೆಯಲ್ಲೇ ಅಂಕಲಿ ಠಾಣೆಗೆ ಬಂದ ರೈತ ನಾಮದೇವ ತನ್ನ ಮೊಬೈಲನ್ನು ಪಿಎಸ್‌ಐ ಬಾಳೇಶನ ಮೇಜಿನ ಮೇಲಿಟ್ಟ.

"ಕೃಷ್ಣಾ ಇಪ್ಪತ್ತೆಂಟು ಫೂಟ ಐತಿ ಅಂತ ಮೆಸೇಜ್ ಬಂತ್ರಿ. ನಂಬಿ ಹೊಳಿ ದಂಡ್ಯಾಗಿನ ಮೋಟಾರ್ ಬಿಚ್ಚಾಕ ಹೋದ್ವಿ. ಮೂವತ್ತಾರು ಇತ್ತು. ನನ್ನ ಹೇಣ್ತಿನ್ನ ನೀರು ಎಳಕೊಂಡ ಹೋತು."

ಹೆಂಡತಿ ಪದ್ಮವ್ವ ಜಾಲಿಮರಕ್ಕೆ ಸಿಕ್ಕಿ ಬದುಕಿದ್ದಳು. ಎಡಗಾಲು ಎರಡು ಕಡೆ ಮುರಿದಿತ್ತು. ಎಫ್‌ಐಆರ್ ದಾಖಲಾಯಿತು.

ಮೆಸೇಜ್ ಕಳಿಸುತ್ತಿದ್ದುದು ಚಿಕ್ಕೋಡಿಯ ಒಂದು ರೈತ ಸಂಘದ ಡೇಟಾ ಕೇಂದ್ರ. ನದಿಯ ಮಟ್ಟವನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಓಡುವ ಸರ್ವರ್ ಎಂಬ ಪ್ರೋಗ್ರಾಂ ಹಳ್ಳಿಹಳ್ಳಿಯ ಫೋನುಗಳಿಗೆ ಹಂಚುತ್ತಿತ್ತು. 12.15ಕ್ಕೆ ಬಾಳೇಶ ಅಲ್ಲಿಗೆ ಹೋದಾಗ ಬಾಗಿಲಲ್ಲೇ ತಂತ್ರಜ್ಞ ಸುಧೀರ ನಿಂತಿದ್ದ.

"ಮೂರು ವರ್ಷ ನಾ ನಡಸೀನ್ರಿ, ಒಂದಿನ ತಪ್ಪಿಲ್ಲ. ಈಗ ಪೂನಮ ಮೇಡಂ ಮುಖ್ಯಸ್ಥರು. ಎಲ್ಲಾರೂ ಆಕೀನ್ನ ಹೊಗಳೂದ ಹೊಗಳೂದು. ಆಕೀನ್ನ ಕೇಳ್ರಿ."

ಗಾಯಾಳು ಹೇಗಿದ್ದಾಳೆಂದು ಅವನು ಕೇಳಲಿಲ್ಲ. ಆ ದನಿಯ ಗುರುತು ಬಾಳೇಶನಿಗಿತ್ತು. ತನ್ನ ಜೊತೆಗೇ ಇಲಾಖೆಗೆ ಸೇರಿದವನು ಇನ್ಸ್‌ಪೆಕ್ಟರ್ ಆದ ದಿನ ತಾನೂ ಹೀಗೇ ಮಾತಾಡಿದ್ದ.

ಒಳಗೆ ಪೂನಮ ಬೆಳಗಿನಿಂದ ಪರದೆಯ ಮುಂದೆ ಕೂತೇ ಇದ್ದಳು.

"ಸರ್ವರ್ ನಾಲ್ಕ ಸಲ ಬಂದ್ ಮಾಡೀನ್ರಿ. ಆದ್ರೂ ಹಳೇ ಮಟ್ಟಾನ ಹೋಗಾಕತ್ತೈತಿ."

"ಬಂದ್ ಆಗಿದ್ರ ಕಳಸಾಕತ್ತಿದ್ದು ಯಾರು?"

ಪೂನಮ ಯಂತ್ರದಲ್ಲಿ ಓಡುತ್ತಿದ್ದ ಎಲ್ಲ ಪ್ರೋಗ್ರಾಂಗಳ ಪಟ್ಟಿ ತೆಗೆದು, ಒಂದೊಂದೇ ಸಾಲು ಓದುತ್ತ ಹೋದಳು. ಒಂದೇ ಹೆಸರಿನ ಸರ್ವರ್ ಎರಡಿದ್ದವು. ಅವಳು ನಿಲ್ಲಿಸುತ್ತಿದ್ದುದು ತನ್ನದನ್ನು ಮಾತ್ರ. ಇನ್ನೊಂದು ಸರ್ವರ್ ಭಾನುವಾರ ಸಂಜೆ 4.20ಕ್ಕೆ ಶುರುವಾಗಿ, ಮೆಸೇಜ್ ಹೊರಹೋಗುವ ದಾರಿ ಹಿಡಿದುಕೊಂಡು, ಭಾನುವಾರದ ಅಂಕಿಯನ್ನೇ ಕಳಿಸುತ್ತಿತ್ತು.

"ಯಾರ ಖಾತೆಯಿಂದ?"

"ಕೇಂದ್ರ ಕಟ್ಟಿದಾಗಿನ ಹಳೇ ಖಾತೆರಿ. ಅದರ ಪಾಸ್‌ವರ್ಡ್ ಸುಧೀರ ನನಗ ಕೊಟ್ಟೇ ಇಲ್ಲ."

ಪರದೆಯ ಚಿತ್ರ ತೆಗೆದ ಮೇಲೆ ಪೂನಮ ಮುಖ್ಯಸ್ಥೆಯಾಗಿ ತನಗಿದ್ದ ಅಧಿಕಾರದಿಂದಲೇ ಎರಡನೆಯದನ್ನು ನಿಲ್ಲಿಸಿದಳು. 1.05ಕ್ಕೆ ಸರಿಯಾದ ಮಟ್ಟ ಹಳ್ಳಿಗಳಿಗೆ ಹೋಯಿತು. 2.30ಕ್ಕೆ ಪಂಚನಾಮೆ ಮುಗಿಯಿತು. ಕಾವಲುಗಾರ ಈಶ್ವರನ ರಿಜಿಸ್ಟರಿನಲ್ಲಿ ಭಾನುವಾರ ಒಳಬಂದದ್ದು ಒಬ್ಬನೇ: ಸುಧೀರ, ಸಂಜೆ 4.05.

"ಚಾರ್ಜರ್ ಮರ್ತಿದ್ದೆರಿ," ಎಂದ ಸುಧೀರ.

"4.20ಕ್ಕ ಸರ್ವರ್ ಚಾಲೂ ಮಾಡಿದ್ದು ಚಾರ್ಜರೇನು?"

ಸುಧೀರ ಕುರ್ಚಿ ಎಳೆದುಕೊಂಡು ಕೂತ.

"ಯಾರಿಗೂ ಏನೂ ಆಗಬಾರ್ದಿತ್ರಿ. ಆಕಿಗೆ ತಿಳಿಯೂದಿಲ್ಲ, ನನ್ನ ಕರೀತಾಳ ಅಂತ ಮುಂಜಾನಿಂದ ಬಾಗಲದಾಗ ನಿಂತಿದ್ದೆ. ಕರೀಲೇ ಇಲ್ಲ."

ಸಂಜೆ 5.10ಕ್ಕೆ ಬಂಧನ. ದಸ್ತಗಿರಿ ಪತ್ರಕ್ಕೆ ಸಹಿ ಹಾಕುವ ಮೊದಲು ಸುಧೀರ ಪೆನ್ನು ಹಿಡಿದುಕೊಂಡೇ ಕೇಳಿದ:

"ಆ ಎರಡನೇದನ್ನ ಆಕೀನ ಹುಡಿಕಿದ್ಲೇನ್ರಿ?"

"ಹೌದು," ಎಂದ ಬಾಳೇಶ.