ಹನ್ನೆರಡನೆಯ ಸಲ

"ಕರುಣಾ ಅವರ, ನನ್ನ ಪತ್ರ ಬ್ಯಾಡ ಅನಿಸ್ತೇನ್ರಿ?"

ಓದಿ ಮುಗಿಸಿದ ಪುಸ್ತಕವನ್ನು ನಾನಿನ್ನೂ ಮೇಜಿನ ಮೇಲೆ ಇಟ್ಟಿರಲಿಲ್ಲ. ಶಶಿಕುಮಾರ್ ತಲೆ ಎತ್ತದೆ ಕೇಳಿದರು.

ವಿದ್ಯಾನಗರದ ಈ ವಾಚನಾಲಯದಲ್ಲಿ ಪುಸ್ತಕ ಕೊಡುವವರು ಅವರು. ಊರಲ್ಲಿ ಕಂಡದ್ದನ್ನು ಬರೆದು ಪ್ರತಿ ಭಾನುವಾರ ಇನ್ನೂರು ಜನರಿಗೆ ಇಮೇಲ್ ಮಾಡುತ್ತಾರೆ. ಸೋಮವಾರದಿಂದ ಅವರಿಗೆ ಕಲಬುರಗಿಯಲ್ಲಿ ಸರ್ಕಾರಿ ನೌಕರಿ. ಆಮೇಲೆ ಅವರಿಂದ ನನಗೆ ಸಿಗಬಹುದಾದದ್ದು ಆ ಪತ್ರವೊಂದೇ.

ಅದನ್ನು ತರಿಸಿಕೊಳ್ಳಲು ವಾರದಿಂದ ಫೋನಿನಲ್ಲಿ ಹೆಸರು, ಇಮೇಲ್ ವಿಳಾಸ ತುಂಬುತ್ತಲೇ ಇದ್ದೆ. ಪ್ರತಿ ಸಲವೂ ಒಂದೇ ಉತ್ತರ. ನಿಮಗೊಂದು ಮೇಲ್ ಕಳಿಸಿದ್ದೇವೆ, ಅದರಲ್ಲಿರುವ ಲಿಂಕ್ ಒತ್ತಿ ಖಚಿತಪಡಿಸಿ. ಆ ಮೇಲ್ ಮಾತ್ರ ಬರಲೇ ಇಲ್ಲ.

ಗೋಪನಕೊಪ್ಪದ ಹೊಲಿಗೆ ಅಂಗಡಿಯಲ್ಲಿ ನಿನ್ನೆ ಒಂದೇ ಬ್ಲೌಸಿಗೆ ಎರಡು ಎಡ ತೋಳು ಹಚ್ಚಿದ್ದೆ. "ಫೋನ್ ನೋಡ್ತಿಯೋ, ಮಷಿನ್ ನೋಡ್ತಿಯೋ, ಒಂದ್ ಹೇಳವಾ," ಎಂದು ಅಂಗಡಿಯ ಮಾಯಕ್ಕ ಅದನ್ನು ನನ್ನ ತೊಡೆಯ ಮೇಲೆ ಒಗೆದಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಂಥವೆಲ್ಲ ಒಲಿಯುವುದಿಲ್ಲವೇನೋ ಎಂದು ಹೊಲಿಗೆ ಬಿಚ್ಚುತ್ತ ಅನಿಸಿತ್ತು.

"ಬೇಕ್ರಿ," ಎಂದೆ. "ಮೇಲ್ ಬರವಲ್ತ್ರಿ."

"ಹನ್ನೊಂದು ಸಲ ಹೆಸರು ಹಾಕೀರಿ, ಒಮ್ಮೆನೂ ಖಚಿತ ಮಾಡಿಲ್ಲ. ನಾ ಏನ್ ತಿಳ್ಕೋಬೇಕ್ರಿ?" ಈಗ ತಲೆ ಎತ್ತಿದರು. "ಸ್ಪ್ಯಾಮ್ ನೋಡೀರೇನು?"

"ನೋಡೇನ್ರಿ."

"ವಿಳಾಸ ತಪ್ಪಿಲ್ಲಲ್ಲ?"

"ಒಂದೊಂದ ಅಕ್ಷರ ನೋಡೇನ್ರಿ. ನೀವ ಸೇರಿಸಿಬಿಡ್ರಿ."

"ನನಗ ಸೇರಿಸಾಕ ಬರಂಗಿಲ್ರಿ. ನೀವ ಹೂಂ ಅನ್ನಬೇಕು." ಎಂದು ಕೈ ಚಾಚಿದರು. "ಫೋನ್ ಕೊಡ್ರಿ ಇಲ್ಲೆ."

ಕೊಡುವಾಗ ಬೆರಳು ತಾಗಲಿಲ್ಲ. ತಾಗದಂತೆ ಇಬ್ಬರೂ ಎಷ್ಟು ಎಚ್ಚರ ವಹಿಸಿದೆವೆಂದರೆ, ತಾಗಿದ್ದರೇ ವಾಸಿಯಿತ್ತು.

"ಅಯ್ಯ, ನಿಮ್ಮ ಮೇಲ್ ಖಾತೆದಾಗ ಜಾಗಾನ ಇಲ್ಲಲ್ರಿ! ಫೋಟೋ ತುಂಬಿ ನಿಂತಾವು. ಹೊಸ ಮೇಲ್ ಎಲ್ಲಿ ಬಂದು ಕುಂದರ್ಬೇಕು?"

ಗಿರಾಕಿಗಳು ಕಳಿಸಿದ ಡಿಸೈನುಗಳು. ಪಾಟ್ ನೆಕ್, ಬೋಟ್ ನೆಕ್, ಗೊಂಡೆ ಕಟ್ಟಿದ ಬೆನ್ನು. ಸಾವಿರಗಟ್ಟಲೆ.

"ಇಡೀ ಹುಬ್ಬಳ್ಳಿ ಬ್ಲೌಸ್ ಇಲ್ಲೇ ಅದಾವಲ್ರಿ!"

"ಹಳೇವೆಲ್ಲಾ ಅಳಿಸ್ರಿ," ಎಂದು ನಕ್ಕೆ. ಅವರ ಬೆರಳು ಓಡುತ್ತಿತ್ತು. ತಟ್ಟನೆ ನಿಂತಿತು. ನನಗೆ ನೆನಪಾದದ್ದೂ ಆಗಲೇ.

ಫೋಟೋದಲ್ಲಿ ಇದೇ ಮೇಜು. ಪುಸ್ತಕದ ಮೇಲೊಂದು ಗಂಡಸಿನ ಕೈ, ತೋಳಿನ ತುದಿಯ ಬಿಳಿ ಗುಂಡಿಗೆ ನೀಲಿ ದಾರ. ಮುಂದಿನ ಫೋಟೋದಲ್ಲೂ ಅದೇ ಕೈ, ಬೇರೆ ಅಂಗಿ. ಅದರ ಮುಂದಿನದರಲ್ಲೂ.

"ಇದು... ಯಾವ ಡಿಸೈನ್ರೀ?"

"ದಾರ ತಪ್ಪೈತ್ರಿ," ಎಂದೆ. "ಯಾರ್ ಹಚ್ಯಾರೋ ಏನೋ."

"ನಾನ ಹಚ್ಚೇನಿ." ಅವರ ಕಿವಿ ಕೆಂಪಾಯಿತು. "ಅಳಿಸ್ಲೇನ್ರಿ ಇವನ್ನೂ?"

ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

"ಬ್ಯಾಡ್ರಿ. ಅವು ಇರ್ಲಿ."

ಮತ್ತೇನೂ ಕೇಳದೆ ಅವರು ಬ್ಲೌಸುಗಳನ್ನಷ್ಟೇ ಅಳಿಸಿ, ಫೋನಿನೊಳಗಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ನಾನು ಹನ್ನೆರಡನೆಯ ಸಲ ಹೆಸರು ತುಂಬಿದೆ. ಫೋನ್ ಟಣ್ ಎಂದಿತು. ಲಿಂಕ್ ಒತ್ತಿದೆ.

"ಆತಲ್ರಿ. ಇನ್ ಭಾನುವಾರಕ್ಕೊಮ್ಮೆ ಬರ್ತೈತಿ."

ಬಂದ ಕೆಲಸ ಮುಗಿದಿತ್ತು. ಚಡಪಡಿಕೆ ಮಾತ್ರ ಇಳಿಯಲಿಲ್ಲ. ಬಾಗಿಲತನಕ ಹೋದವಳು ತಿರುಗಿ ಬಂದೆ.

"ಇನ್ನೂರು ಮಂದಿಗೆ ಬರೋ ಪತ್ರ ನನಗ ಸಾಲಂಗಿಲ್ರಿ."

ಅವರು ಎದ್ದು ನಿಂತರು. ಆಮೇಲೆ ಮೆಲ್ಲಗೆ, "ಒಬ್ಬರಿಗೇ ಬರ್ದದ್ದು ಒಂದೈತ್ರಿ. ತಿಂಗಳಾತು. ಕಳಿಸಾಕ ಧೈರ್ಯ ಸಾಲವಲ್ತು."

"ಈಗ ಕಳಿಸ್ರಿ," ಎಂದು ಅವರೆದುರಿನ ಕುರ್ಚಿ ಎಳೆದುಕೊಂಡೆ. "ನಾ ಇಲ್ಲೇ ಕುಂತು ಓದ್ತೇನಿ."