ಮೊಳೆಬೂಟಿನ ಚುಕ್ಕೆಗಳು

ಜನವರಿ 24, ಶುಕ್ರವಾರ, ಬೆಳಿಗ್ಗೆ 9.10. ಸೊಲ್ಮೆ ಠಾಣೆಯ ಬಾಗಿಲು ದಢಾರನೆ ತೆರೆಯಿತು. ನುಗ್ಗಿದ್ದು ಕಡಲ ಗಾಳಿಯೋ ಗುಮ್‌ಜು ಅವರೋ ಎಂದು ತಿಳಿಯಲು ಇನ್‌ಸ್ಪೆಕ್ಟರ್ ನಾಮ್‌ಗುಂಗ್‌ಗೆ ಒಂದು ಕ್ಷಣ ಹಿಡಿಯಿತು. ಎರಡೂ ಬಂದಿದ್ದವು. ಗಾಳಿ ಬೇಗ ತಣ್ಣಗಾಯಿತು.

ಬಂದರು ರಸ್ತೆಯಲ್ಲಿ ಹಸಿಮೀನಿನ ಹೋಟೆಲು ನಡೆಸುವ ಗುಮ್‌ಜು ಅವರಿಗೆ ಅರವತ್ತೆರಡು ವರ್ಷ. ಮೇಜಿನ ಮೇಲೆ ಎರಡು ಪುಟದ ದೂರು ಇಟ್ಟರು.

"ಉಂಗುರ ಸಿಕ್ತು ಅಂತ ನಿನ್ನೆ ಫೋನ್ ಮಾಡಿದ್ರಿ. ಸಂತೋಷ. ಈಗ ಕಳ್ಳರನ್ನ ಹಿಡೀರಿ."

"ಸಮುದ್ರದಲ್ಲಿ ಸಿಕ್ಕಿದ್ದಕ್ಕೆ ಕಳ್ಳರೆಲ್ಲಿಂದ ಬಂದ್ರು ಅಮ್ಮಾವ್ರೇ?"

"ಸಮುದ್ರದಲ್ಲಿ ಸಿಗೋಕೆ ಅದೇನು ಬಂಗುಡೆನಾ? ಸ್ನಾನದ ಮನೆ ಲಾಕರ್‌ನಲ್ಲಿ ನಾನೇ ಕೈಯಾರೆ ಇಟ್ಟಿದ್ದೆ. ಆ ಬುನ್ನೀ ಕದ್ದಳು. ಗಲಾಟೆ ಆದ್ಮೇಲೆ ಹೆದರಿ ಬಾಯ್ಲರ್‌ನವನ ಕೈಗೆ ಕೊಟ್ಟಳು. ಅವನು ನೀರಲ್ಲಿ ಸಿಕ್ತು ಅಂತ ತಂದ. ಇಬ್ಬರೂ ಒಂದೇ ಕಡೆ ಕೆಲಸ ಅಲ್ವಾ?"

"ಅವನ ಹೆಸರು?"

"ಯಾರಿಗ್ಗೊತ್ತು. ಬಾಯ್ಲರ್‌ನವನು ಅಂತ ಬರ್ಕೊಳ್ಳಿ."

ಹಿಂದಿನ ಸಂಗತಿ ಇಷ್ಟು. ಜನವರಿ 12ರ ಭಾನುವಾರ ಸೊಲ್ಮೆಯಲ್ಲಿ ಚಳಿಗಾಲದ ಕಡಲಸ್ನಾನ. ಹತ್ತು ಗಂಟೆಗೆ ಗುಮ್‌ಜು ತಮ್ಮ ಸಂಘದವರ ಜೊತೆ ಸಮುದ್ರಕ್ಕೆ ಇಳಿದರು. ಹನ್ನೊಂದಕ್ಕೆ ದಡದ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ ಬಿಸಿನೀರಲ್ಲಿ ಕೂತು, ಬುನ್ನೀಯ ಕೈಲಿ ಮೈ ಉಜ್ಜಿಸಿಕೊಂಡರು. ಹನ್ನೆರಡೂವರೆಗೆ ಉಂಗುರ ಇಲ್ಲವೆಂದು ಕಿರುಚಿದರು. ಹೆಂಗಸರ ಕಡೆ ಮೈ ಉಜ್ಜುವ ಕೆಲಸದಲ್ಲಿ ಹನ್ನೆರಡು ವರ್ಷ ಸವೆಸಿದ್ದ ಬುನ್ನೀಯನ್ನು ಮಾಲೀಕ ಮರುದಿನ ಬೆಳಿಗ್ಗೆಯೇ ಮನೆಗೆ ಕಳಿಸಿದ. ಈಗ ಚಾಂದ್ರ ಹೊಸವರ್ಷಕ್ಕೆ ಐದೇ ದಿನ ಉಳಿದಿತ್ತು. ಹಬ್ಬದ ಮುಂಚೆ ಊರಿಗೆ ಊರೇ ಬಂದು ಮೈ ಉಜ್ಜಿಸಿಕೊಳ್ಳುವ ಕಾಲ. ಸೋಮವಾರದೊಳಗೆ ಅವಳ ಹೆಸರು ಚೊಕ್ಕವಾಗದಿದ್ದರೆ ಆ ಜಾಗಕ್ಕೆ ಬೇರೆಯವಳು ಬರುವುದು ಖಾತ್ರಿಯಾಗಿತ್ತು.

ಬಾಯ್ಲರ್ ನೋಡಿಕೊಳ್ಳುವ ಮೇಂಗ್ ಸಾಂಗ್‌ಗು ನಿನ್ನೆ ಮಧ್ಯಾಹ್ನ ಉಂಗುರ ತಂದೊಪ್ಪಿಸಿದ್ದ. ಸೊಂಟಮಟ್ಟದ ನೀರಲ್ಲಿ ಲೋಹ ಹುಡುಕುವ ಯಂತ್ರ ಆಡಿಸುವಾಗ ಸಿಕ್ಕಿತೆಂದು ಹೇಳಿಕೆ ಬರೆಸಿದ್ದ. ಚಳಿಗೆ ಬೆರಳು ಸೊರಗಿ ಉಂಗುರ ಜಾರಿರಬೇಕೆಂದು ಠಾಣೆಯವರೂ ಒಪ್ಪಿ ಕಡತ ಮುಚ್ಚುವುದರಲ್ಲಿದ್ದರು.

9.40ಕ್ಕೆ ಎಫ್‌ಐಆರ್ ದಾಖಲಾಯಿತು. ಗುಮ್‌ಜು ಹೋದ ಮೇಲೆ ಕಾನ್‌ಸ್ಟೆಬಲ್ ಗಿಲ್, "ಅದೇನು ಬಂಗುಡೆನಾ?" ಎಂದು ಅವರದೇ ದನಿಯಲ್ಲಿ ಕೇಳಿದ. ಪಕ್ಕದ ಕೋಣೆಯ ಗುಮಾಸ್ತ ಗಾಬರಿಯಿಂದ ಇಣುಕಿದ. ಇಡೀ ಸೊಲ್ಮೆಯ ಗಂಟಲು ಗಿಲ್‌ನ ಗಂಟಲಲ್ಲಿ ಬಾಡಿಗೆಗಿತ್ತು.

"ತಮಾಷೆ ಸಾಕು. ನೆಲದಲ್ಲಿ ಏನು ನೋಡ್ತಿದೀಯ?"

"ನಮ್ಮ ಹೊಸ ನೆಲಹಾಸಿಗೆ ಸಿಡುಬು ಬಂದಿದೆ ಸರ್."

ಬಾಗಿಲಿನಿಂದ ಮೇಜಿನವರೆಗೆ ಸಣ್ಣ ತೂತುಗಳು ಸಾಲಾಗಿ ಹೋಗಿದ್ದವು. ನಾಮ್‌ಗುಂಗ್ ಮೊಣಕಾಲೂರಿ ಕೂತ. ಚುಕ್ಕೆಗಳನ್ನು ಸೇರಿಸಿ ನೋಡಿದರೆ ಬೂಟಿನ ಆಕಾರ. ನಿನ್ನೆ ಮೇಂಗ್ ನೀರು ತೊಟ್ಟಿಕ್ಕುವ ಬೂಟಿನಲ್ಲಿ ನಿಂತಿದ್ದು ಅಲ್ಲೇ.

11.00. ಬಂದರಿನಲ್ಲಿ ಮೀನುಗಾರಿಕೆ ಸಾಮಾನಿನ ಅಂಗಡಿ. ಕಾಲು ಮುಚ್ಚಿ ಎದೆಯವರೆಗೆ ಬರುವ ರಬ್ಬರಿನ ದಿರಿಸುಗಳು ಗೋಡೆಯುದ್ದಕ್ಕೂ ತಲೆಯಿಲ್ಲದ ಗಂಡಸರಂತೆ ನೇತಾಡುತ್ತಿದ್ದವು. ಊರಿನವರ ಬಾಯಲ್ಲಿ ಅದು ಎದೆಬೂಟು. ಅಂಗಡಿಯ ತಾಕ್‌ಗೆ ಪ್ರಶ್ನೆ ಬೇಕಿರಲಿಲ್ಲ, ಕಿವಿ ಇದ್ದರೆ ಸಾಕು.

"ಸೊಂಟದ ತನಕ ನೀರಾದ್ರೆ ಇದು ತಗೊಳ್ಳಿ ಸರ್. ಐದು ಮಿಲಿಮೀಟರ್ ರಬ್ಬರು, ಒಳಗೊಂದು ಉಣ್ಣೆ ಪ್ಯಾಂಟು. ಆ ತೆಳುವಾದದ್ದು ಬೇಸಿಗೆಗೆ. ಈಗ ಹಾಕ್ಕೊಂಡ್ರೆ ನೀರು ಒಳಗೆ ಬರಲ್ಲ, ಚಳಿ ಮಾತ್ರ ಟಿಕೆಟ್ ಇಲ್ಲದೆ ಬರುತ್ತೆ. ಎದೆ ದಾಟಿ ಹೋಗೋರಿಗೆ ಎರಡೂ ಅಲ್ಲ, ಕುತ್ತಿಗೇಲೂ ಮಣಿಕಟ್ಟಲ್ಲೂ ಬಿಗಿಯೋ ಪೂರ್ತಿ ದಿರಿಸೇ ಬೇಕು. ಯಾವುದಾದ್ರೂ ಸರಿ, ಸೊಂಟಕ್ಕೆ ಪಟ್ಟಿ ಮರೀಬೇಡಿ. ಬಿದ್ರೆ ಬೂಟು ಕೊಡ ಆಗುತ್ತೆ, ನೀವು ಕೊಡದೊಳಗಿನ ನೀರು."

"ಲೋಹ ಹುಡುಕೋರಿಗೆ ಯಾವುದು?"

"ಅವರಿಗೆ ಮೊದಲು ಹೇಳೋದೇ ಬೇರೆ. ಮೈಮೇಲೆ ಕಬ್ಬಿಣ ಇರಬಾರದು. ರಬ್ಬರ್ ಅಡಿ, ಪ್ಲಾಸ್ಟಿಕ್ ಕೊಂಡಿ."

"ಮೇಂಗ್‌ಗೆ ಯಾವುದು ಕೊಟ್ರಿ?"

"ಸ್ನಾನದ ಮನೆ ಅಣ್ಣನಿಗಾ? ಇಪ್ಪತ್ತೊಂದನೇ ತಾರೀಕು ಬಂದ. 'ಜಾರಬಾರದು, ನನಗೆ ಈಜು ಬರಲ್ಲ' ಅಂದ. ಬಂಡೆ ಮೇಲೆ ನಿಂತು ಗಾಳ ಹಾಕೋರ ಎದೆಬೂಟು ಕೊಟ್ಟೆ. ಅಡೀಲಿ ಉಕ್ಕಿನ ಮೊಳೆ, ಕಾಲಿಗೆ ಹದಿನೆಂಟು. ಯಂತ್ರದ ಸುದ್ದಿ ಅವನು ಎತ್ತಲೇ ಇಲ್ಲ."

ಅಂಗಡಿಯಲ್ಲೇ ಒಂದು ಅಗ್ಗದ ಯಂತ್ರವಿತ್ತು. ಗಿಲ್ ಅದರ ತಟ್ಟೆಯನ್ನು ಮೊಳೆಬೂಟಿನ ಹತ್ತಿರ ಹಿಡಿದ. ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅದು ಅರಚಿತು. ಗಿಲ್‌ಗೆ ಕೂಡ ಅನುಕರಿಸಲಾಗದ ದನಿ.

"ಈ ಬೂಟು ಹಾಕ್ಕೊಂಡು ಇದರಲ್ಲಿ ಉಂಗುರ ಹುಡುಕೋಕೆ ಆಗುತ್ತಾ?"

"ತನ್ನ ಕಾಲು ಹುಡುಕಬಹುದು ಸರ್," ಎಂದ ತಾಕ್.

ಮೇಂಗ್ ಸುಳ್ಳು ಹೇಳಿದ್ದು ಖಚಿತವಾಯಿತು. ಹಾಗಾದರೆ ಗುಮ್‌ಜು ಅವರ ದೂರೇ ನಿಜವಿರಬಹುದು. ಈ ಯೋಚನೆ ನಾಮ್‌ಗುಂಗ್‌ಗೆ ಹಿಡಿಸಲಿಲ್ಲ. ಹಿಡಿಸದ್ದನ್ನೇ ಮೊದಲು ನೋಡಬೇಕೆಂಬುದು ಅವನ ಪದ್ಧತಿ.

12.30. ಬುನ್ನೀಯ ಒಂದು ಕೋಣೆಯ ಮನೆ.

"ನಿಮಗೂ ಮೇಂಗ್‌ಗೂ ಏನು ಪರಿಚಯ ಅಕ್ಕಾ?"

"ಅವರು ನೀರು ಕಾಯಿಸ್ತಾರೆ, ನಾನು ಮೈ ಉಜ್ತೀನಿ. ಮಧ್ಯೆ ಗೋಡೆ ಇದೆ."

"ಗೋಡೆ ದಾಟಿ ಉಂಗುರ ಹೋಯ್ತಾ?"

ಅವಳು ಮೊದಲ ಬಾರಿಗೆ ತಲೆಯೆತ್ತಿದಳು. "ಲಾಕರ್‌ನಲ್ಲಿ ಇಟ್ಟೆ ಅಂತಾರಲ್ಲ, ಆ ಲಾಕರ್ ಬೀಗದ ಕೈ ಅವರ ಕಾಲಿಗೇ ಕಟ್ಟಿತ್ತು. ಅವರ ಮೈ ಉಜ್ಜಿದವಳು ನಾನು, ನನಗೆ ಗೊತ್ತಿಲ್ವಾ? ಕೈಗೆಲ್ಲ ಬಿಳಿ ಪುಡಿ ಮೆತ್ಕೊಂಡಿತ್ತು, ಬಿಸಿನೀರಲ್ಲಿ ಕೂತೆದ್ದರೂ ಬೆರಳ ಸಂದೀಲೆಲ್ಲ ಹಾಗೇ ಇತ್ತು. ಅದನ್ನ ತೆಗೆಯೋಕೇ ಎರಡು ಸಲ ಸೋಪು ಹಾಕಿದೆ. ಮೊದಲ ದಿನವೇ ಹೇಳಿದ್ದೆ. ನೀವು ಬರ್ಕೊಳ್ಳಲಿಲ್ಲ."

ನಾಮ್‌ಗುಂಗ್ ಹಳೆಯ ಹೇಳಿಕೆ ತೆಗೆದು ನೋಡಿದ. ಬರೆದಿರಲಿಲ್ಲ. ಕೆಳಗೆ ಅವನದೇ ಸಹಿ ಇತ್ತು.

2.15. ಗುಮ್‌ಜು ಅವರ ಹೋಟೆಲು.

"ಸಮುದ್ರಕ್ಕೆ ಇಳಿಯುವಾಗ ಕೈಗವಸು ಹಾಕಿದ್ರಾ?"

"ಹಾಕದೆ? ನಾಲ್ಕು ಡಿಗ್ರಿ ನೀರು. ಮೊಣಕೈ ತನಕದ ರಬ್ಬರಿಂದು, ಪುಡಿ ಹಾಕದಿದ್ರೆ ಒಳಗೆ ಕೈ ಹೋಗಲ್ಲ. ತೆಗೆಯೋಕೆ ಇಬ್ಬರು ಹಿಡಿದು ಎಳೆದ್ರು."

"ಹಾಗಾದ್ರೆ ಉಂಗುರ ನೀರಿಗೆ ಬೀಳೋದು ಹೇಗೆ?"

"ನಾನೂ ಅದನ್ನೇ ಹೇಳಿದ್ದು. ಲಾಕರ್‌ನಲ್ಲಿ..."

"ಇಟ್ಟ ನೆನಪಾ, ದಿನಾ ಇಡೋ ಅಭ್ಯಾಸನಾ?"

ಗುಮ್‌ಜು ಬಾಯಿ ತೆರೆದರು. ಎಡಗೈಯ ಬೆರಳನ್ನು ಬಲಗೈಲಿ ಹಿಡಿದು, ಗವಸು ಕೀಳುವಂತೆ ಮೆಲ್ಲಗೆ ಎಳೆದು ನೋಡಿಕೊಂಡರು.

"ಕೈಗವಸು ಆಮೇಲೆ ಎಲ್ಲಿಗೆ ಹೋಯ್ತು?"

"ಒದ್ದೆ ಬಟ್ಟೆ ಜೊತೆ ಬಾಯ್ಲರ್ ಕೋಣೆಗೆ. ಒಣಗ್ಸೋಕೆ."

4.20. ಬಾಯ್ಲರ್ ಕೋಣೆ. ತಾಕ್ ಮತ್ತು ಸ್ನಾನದ ಮನೆಯ ಮಾಲೀಕ ಪಂಚರಾದರು. ಹಗ್ಗದಲ್ಲಿ ಎದೆಬೂಟು ನೇತಾಡುತ್ತಿತ್ತು, ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ. ಮೇಂಗ್ ಸ್ಟೂಲಿನ ಮೇಲೆ ಕೂತಿದ್ದ.

"ಉಂಗುರ ಯಾವ ಬೆರಳಲ್ಲಿತ್ತು ಮೇಂಗ್ ಅವರೇ?"

"ಗವಸಿನ ನಾಲ್ಕನೇ ಬೆರಳಲ್ಲಿ," ಎಂದ ಆತ ತಡವರಿಸದೆ. ಈ ಪ್ರಶ್ನೆಗೇ ಹನ್ನೆರಡು ದಿನದಿಂದ ಕಾದಿದ್ದವನಂತೆ. "ಒಳಹೊರಗೆ ಮಾಡಿ ಒದರಿದೆ. ಟಣ್ ಅಂತು."

"ಬುನ್ನೀಗೆ ಗೊತ್ತಿತ್ತಾ?"

"ಅವಳ ಹೆಸರು ಎತ್ತಬೇಡಿ ಸರ್. ಅವಳಿಗೇನೂ ಗೊತ್ತಿಲ್ಲ."

"ಆಗಲೇ ಯಾಕೆ ಕೊಡಲಿಲ್ಲ?"

"ಗೋಡೆಯಾಚೆ ಕಿರುಚೋದು ಕೇಳಿಸ್ತಿತ್ತು, 'ಏಯ್ ಬಾಯ್ಲರ್' ಅಂತ ನನ್ನ ಕರೆಯೋ ಅದೇ ದನಿ. ಒಂದು ದಿನ ಹುಡುಕಲಿ ಅನ್ನಿಸ್ತು. ಒಂದೇ ದಿನ. ಮರುದಿನ ಕೊಡೋಣ ಅಂತ ಹೊರಟರೆ ಬುನ್ನೀ ಚೀಲ ಹಿಡ್ಕೊಂಡು ಗೇಟು ದಾಟ್ತಿದ್ದಳು. ಆಗ ಕೊಟ್ರೆ ನಾನು ಕಳ್ಳ, ಕೊಡದಿದ್ರೆ ಅವಳು ಕಳ್ಳಿ. ಸಮುದ್ರದ ಮೇಲೆ ಹಾಕೋಣ ಅಂದ್ಕೊಂಡೆ. ಅದನ್ನ ಯಾರೂ ಕೆಲಸದಿಂದ ತೆಗೆಯಲ್ಲ."

ಗಿಲ್ ಪಂಚನಾಮೆ ಬರೆಯುತ್ತಿದ್ದ. ಮೊಳೆಬೂಟಿನ ದಿರಿಸು, ಒಂದು. ಲೋಹ ಹುಡುಕುವ ಯಂತ್ರ, ಹಳೆಯದು, ಒಂದು. ಹಿಡಿಯ ಮುಚ್ಚಳ ತೆಗೆದವನು ಬರೆಯುವುದನ್ನು ನಿಲ್ಲಿಸಿದ.

"ಸರ್, ಇದರಲ್ಲಿ ಬ್ಯಾಟರಿನೇ ಇಲ್ಲ."

"ನಿನ್ನೆ ನೀವು ಮೂರು ಗಂಟೆ ಹೊತ್ತು ನೀರಲ್ಲಿ ನಿಂತಿದ್ದನ್ನ ದಡದವರೆಲ್ಲ ನೋಡಿದಾರೆ," ಎಂದ ನಾಮ್‌ಗುಂಗ್. "ಬ್ಯಾಟರಿ ಇಲ್ಲದೇನಾ?"

"ಹಾಕಿದ್ದೆ. ಇಳಿದ ಕೂಡಲೇ ಅರಚೋಕೆ ಶುರು ಮಾಡ್ತು. ಮೊಳೆಗೆ ಅಂತ ನನಗೇನು ಗೊತ್ತು ಸರ್? ನನ್ನನ್ನೇ ತೋರಿಸ್ತಿದೆ ಅನ್ನಿಸ್ತು. ಕಿತ್ತುಬಿಟ್ಟೆ."

ಸಂಜೆ 5.30ಕ್ಕೆ ಮೇಂಗ್‌ನನ್ನು ಬಂಧಿಸಲಾಯಿತು: ಸಿಕ್ಕ ವಸ್ತುವನ್ನು ದಕ್ಕಿಸಿಕೊಂಡದ್ದು, ಸುಳ್ಳು ಹೇಳಿಕೆ ಕೊಟ್ಟದ್ದು. ಬುನ್ನೀಯ ಮೇಲಿನ ಆರೋಪ ಬಿದ್ದುಹೋಯಿತು. ನಾಳೆ ಬೆಳಿಗ್ಗೆ ಐದಕ್ಕೆ ಬಾ ಎಂದು ಮಾಲೀಕ ಠಾಣೆಯಿಂದಲೇ ಅವಳಿಗೆ ಫೋನ್ ಮಾಡಿದ. ಅವಳ ಹೇಳಿಕೆಯಲ್ಲಿ ಬಿಟ್ಟುಹೋಗಿದ್ದ ಬಿಳಿ ಪುಡಿಯ ಸಾಲನ್ನು ನಾಮ್‌ಗುಂಗ್ ತನ್ನ ಕೈಯಿಂದಲೇ ಬರೆದು, ಪಕ್ಕದಲ್ಲಿ ಇವತ್ತಿನ ತಾರೀಕು ಹಾಕಿದ.

ಆರು ಗಂಟೆಗೆ ಗುಮ್‌ಜು ಉಂಗುರ ಒಯ್ಯಲು ಬಂದರು. ಈ ಸಲ ಬಾಗಿಲು ಸದ್ದು ಮಾಡಲಿಲ್ಲ. ರಸೀದಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಸಹಿ ಹಾಕಲು ಹೋದ ಪೆನ್ನು ನಿಂತಿತು.

"ಈ ಮೇಂಗ್ ಸಾಂಗ್‌ಗು ಅಂದ್ರೆ ಯಾರು?"

ಮೂಲೆಯಲ್ಲಿ ಕೂತಿದ್ದ ಗಿಲ್ ತಲೆಯೆತ್ತದೆ, ಅವರದೇ ದನಿಯಲ್ಲಿ, ತುಸು ಮೆಲ್ಲಗೆ ಹೇಳಿದ:

"ಏಯ್ ಬಾಯ್ಲರ್."