ಹಸಿರು ಬಣ್ಣದಡಿಯ ಇಪ್ಪತ್ತಮೂರು ಮನೆಗಳು

"ಹ್ವಾಯ್, ಅಲ್ಲೇ ನಿಲ್ಲಿ. ಕಾಲಡಿ ಸೀಗಡಿ ಇತ್ತ್."

ನವ್ಯಶ್ರೀಯ ಕೂಗಿಗೆ ಬೆಚ್ಚಿದ ಆತ ಸರಕ್ಕನೆ ಹಿಂದೆ ಸರಿದ. ಸರಿದದ್ದು ಇನ್ನೊಂದು ಚಾಪೆಯ ಮೇಲೆ. ಒಣಗಲು ಹರವಿದ್ದ ಸೀಗಡಿ ಅವನ ಬೂಟಿನಡಿ ಚರಚರ ಎಂದಿತು.

ಕೈಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಸುತ್ತಿದ ನಕ್ಷೆ. ಕಿವಿಯವರೆಗೂ ಕೆಂಪೇರಿದ ಮುಖ.

"ತಪ್ಪಾಯ್ತ್... ನಾನ್ ಜಿತೇಂದ್ರ, ಬೈಂದೂರಿನವ. ಯೋಜನಾ ಕಚೇರಿಯಗೆ ಕೆಲ್ಸ. ಇಲ್ಲಿ ಮನಿ ಇಪ್ದ್ ಗೊತ್ತಿರ್ಲಿಲ್ಲ."

"ಮತ್ತೆ ಎಂತ ಇತ್ತ್ ಅಂದ್ಕಂಡಿದ್ರಿ?"

ಅವನು ನಕ್ಷೆ ಬಿಚ್ಚಿದ. ಕುಂದಾಪುರ ಪೇಟೆಯ ಮುಂದಿನ ಇಪ್ಪತ್ತು ವರ್ಷಗಳ ನಕ್ಷೆ. ಹೊಳೆಬದಿಯ ಅವರ ಕೇರಿಯಿದ್ದ ಜಾಗದಲ್ಲಿ ಬರೀ ಹಸಿರು ಬಣ್ಣ. ಮೇಲೆ 'ಉದ್ಯಾನವನ' ಎಂದು ಬರೆದಿತ್ತು.

"ಹಂಗಾರೆ ನಾವೆಂತ, ಗಿಡಗಳಾ?"

ಅವನಿಗೆ ನಗು ಬಂತು. ಅವಳ ಕಣ್ಣು ನೋಡಿದ್ದೇ ನಗು ಆರಿಹೋಯಿತು.

ನವ್ಯಶ್ರೀಗೆ ಈಗ ಎಲ್ಲವೂ ಅರ್ಥವಾಗಿತ್ತು. ಸೋರುವ ಹಳೇ ಮನೆ ಕೆಡವಿ ಎರಡು ಕೋಣೆಯ ತಾರಸಿ ಮನೆ ಕಟ್ಟಬೇಕೆಂದು ಅವಳ ತಾಯಿ ವರ್ಷಗಟ್ಟಲೆ ಒಣಮೀನು ಮಾರಿದ್ದಳು. ಮನೆ ಕಟ್ಟುವ ಅರ್ಜಿ ಮಾತ್ರ ಎರಡು ಸಲ ವಾಪಸು ಬಂದಿತ್ತು. ಯಾಕೆಂದು ಯಾರೂ ಹೇಳಿರಲಿಲ್ಲ.

"ಇದ್ ಕರಡು ನಕ್ಷೆ ಅಷ್ಟೇ," ಜಿತೇಂದ್ರ ಮೆಲ್ಲಗೆ ಹೇಳಿದ. "ಆಕ್ಷೇಪಣೆ ಕೊಡೂಕೆ ಒಂದ್ ತಿಂಗ್ಳ್ ಇತ್ತ್. ಪ್ರತಿ ಮನಿ ಅಳ್ದ್ ಕೊಟ್ರೆ ಇಲ್ಲ ಅಂಬುಕೆ ಆತಿಲ್ಲ. ಅಳತಿ ನಾನ್ ಮಾಡ್ತೆ."

ನಂಬುವುದೋ ಬೇಡವೋ... ನಂಬಿದಳು.

ಆಮೇಲಿನ ಪ್ರತಿ ಭಾನುವಾರ ಅವನು ಬೈಂದೂರಿನಿಂದ ಬಸ್ಸಿನಲ್ಲಿ ಬಂದಿಳಿಯುತ್ತಿದ್ದ. ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಪಕ್ಕದ ಮನೆಯ ಸೀತಜ್ಜಿ ಅವನನ್ನು ಬಿಡಲೇ ಇಲ್ಲ.

"ಮಗಾ, ನನ್ನ ಕೋಳಿಗೂಡೂ ಅಳಿ. ಅದ್ರಗೂ ಎಂಟ್ ಜನ ಇದ್ರ್."

ಅವನು ಗಂಭೀರವಾಗಿ ಮಂಡಿಯೂರಿ ಗೂಡನ್ನೂ ಅಳೆದು ಬರೆದುಕೊಂಡ. ನವ್ಯಶ್ರೀ ನಕ್ಕು ನಕ್ಕು ಟೇಪು ಕೈಬಿಟ್ಟಳು. ಅಂದಿನಿಂದ ಭಾನುವಾರ ಯಾಕಿಷ್ಟು ತಡವಾಗಿ ಬರುತ್ತದೆ ಎಂದು ಅವಳಿಗೆ ಅನ್ನಿಸತೊಡಗಿತು.

ಕೊನೆಯ ವಾರ ಇಪ್ಪತ್ತಮೂರು ಮನೆಗಳ ಆಕ್ಷೇಪಣೆ ಹಿಡಿದು ಅವಳು ಕಚೇರಿಗೆ ಹೋದಳು. ಗೋಡೆಯ ಮೇಲೆ ಅದೇ ನಕ್ಷೆ ಅಂಟಿಸಿದ್ದರು. ಕೆಳಮೂಲೆಯಲ್ಲಿ ಸಣ್ಣ ಅಕ್ಷರ: 'ನಕ್ಷೆ ರಚನೆ: ಜಿತೇಂದ್ರ.'

ಅವಳ ಕಾಲು ಅಲ್ಲೇ ನಿಂತಿತು. ತನ್ನ ಕೇರಿಯ ಮೇಲೆ ಹಸಿರು ಬಳಿದ ಕೈ... ತಾನು ಟೇಪಿನ ತುದಿ ಕೊಟ್ಟ ಕೈ!

ಅವನು ಎದುರಿಗೇ ಬಂದ.

"ನವ್ಯಾ, ನಾನೇ ಹೇಳ್ಕ್ ಅಂದ್ಕಂಡಿದ್ದೆ..."

"ನಾಲ್ಕ್ ಭಾನುವಾರ ಇದ್ದಿತ್ತಲೆ ಹೇಳೂಕೆ. ಇನ್ನ್ ಕೇರಿಗೆ ಬಪ್ದ್ ಬೇಡ."

ಆಕ್ಷೇಪಣೆಯನ್ನು ಗುಮಾಸ್ತರಿಗೆ ಕೊಟ್ಟು, ತಿರುಗಿ ನೋಡದೆ ಹೊರಟಳು. ಬಸ್ ನಿಲ್ದಾಣದವರೆಗೂ ಕಣ್ಣು ತುಂಬಿಕೊಂಡೇ ಇತ್ತು.

ವಿಚಾರಣೆಯ ದಿನ ಇಡೀ ಕೇರಿಯೇ ಸಭಾಭವನದಲ್ಲಿತ್ತು. ನವ್ಯಶ್ರೀ ಎದ್ದು ಒಂದೊಂದೇ ಮನೆಯ ಹೆಸರು ಓದಿದಳು. ಹಿರಿಯ ಅಧಿಕಾರಿ ಕಾಗದ ತಿರುವಿ ಕೇಳಿದರು.

"ಈ ಅಳತೆ ಯಾರು ಮಾಡಿದ್ದು? ಹೇಗೆ ನಂಬುವುದು?"

ಹಿಂದಿನ ಸಾಲಿನಿಂದ ಜಿತೇಂದ್ರ ಎದ್ದ.

"ನಾನು ಸರ್. ಆ ಹಸಿರು ಬಣ್ಣ ಹಾಕಿದ್ದೂ ನಾನೇ. ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ನೋಡಿದಾಗ ಮರಗಳ ತಲೆ ಮಾತ್ರ ಕಾಣುತ್ತಿತ್ತು. ಸ್ಥಳಕ್ಕೆ ಹೋಗದೆ ಬಣ್ಣ ಹಾಕಿದ್ದು ನನ್ನ ತಪ್ಪು. ಮರಗಳಡಿ ಇಪ್ಪತ್ತಮೂರು ಮನೆಗಳಿವೆ. ಒಂದೊಂದನ್ನೂ ನಾನೇ ಅಳೆದಿದ್ದೇನೆ. ಬೇಕಾದರೆ ನನ್ನ ಮೇಲೆ ಕ್ರಮ ಕೈಗೊಳ್ಳಿ. ಆದರೆ ಈ ಅಳತೆ ಸರಿಯಾಗಿದೆ."

ನವ್ಯಶ್ರೀ ಅವನತ್ತ ತಿರುಗಿದಳು. 'ತಪ್ಪು ಮಾಡಿದವರು ಎಷ್ಟೋ ಜನ... ಹೀಗೆ ನಿಂತು ಹೇಳುವವರು ಎಷ್ಟು ಮಂದಿ?' ಎದೆಯೊಳಗಿನ ಗಂಟು ಸಡಿಲವಾಯಿತು.

ಅಧಿಕಾರಿ ಅವನನ್ನು ಗದರಿದರು. ಮರುದಿನವೇ ಕೇರಿಗೆ ಬಂದು ನೋಡಿದರು. ಎರಡು ತಿಂಗಳಲ್ಲಿ ತಿದ್ದಿದ ನಕ್ಷೆ ಬಂತು. ಕೇರಿಯ ಜಾಗದಲ್ಲಿ ವಸತಿಯ ಹಳದಿ ಬಣ್ಣ. ಹೊಳೆಬದಿಯ ಉಳಿದ ಕೇರಿಗಳನ್ನೂ ನಡೆದೇ ಅಳೆಯಬೇಕೆಂದು ಆದೇಶವಾಯಿತು. ಆ ಕೆಲಸ ಜಿತೇಂದ್ರನಿಗೇ ಬಿತ್ತು.

ಮನೆ ಕಟ್ಟಲು ಪರವಾನಗಿ ಸಿಕ್ಕ ದಿನ ನವ್ಯಶ್ರೀಯೇ ಅವನಿಗೆ ಫೋನು ಮಾಡಿದಳು.

"ಮನಿ ಪ್ಲಾನ್ ಬರ್ದ್ ಕೊಡೂಕ್ ಆತ್ತಾ?"

"ಕೇರಿಗೆ ಬಪ್ದ್ ಬೇಡ ಅಂದಿದ್ರಿ..."

"ಅಮ್ಮ ಬಂಗುಡೆ ಮೀನ್ ಸಾರ್ ಮಾಡಿದ್ಲ್. ಬನ್ನಿ."

ಊಟವಾದ ಮೇಲೆ ಜಗಲಿಯಲ್ಲಿ ಕಾಗದ ಹರಡಿ ಕೂತ. ಗೆರೆ ಎಳೆಯುವ ಬದಲು ಪೆನ್ಸಿಲು ಕೆಳಗಿಟ್ಟ.

"ನಕ್ಷೆ ನಂದೇ ಅಂದ್ ಆವತ್ತೇ ಹೇಳ್ದೇ ಇದ್ದದ್ದ್ ಹೆದರಿಕೆಗೆ. ಹೇಳಿರೆ ನೀವ್ ಮತ್ತೆ ಮಾತಾಡ್ತಿಲ್ಲ ಅಂದ್ಹೇಳಿ. ಕೆಲ್ಸ ಹೋಪ್ದಕ್ಕೆ ಅಷ್ಟ್ ಹೆದ್ರಿಕಿ ಆಯ್ಲಿಲ್ಲ ನವ್ಯಾ... ನಂಗೆ ನೀವಂದ್ರೆ ಅಷ್ಟ್ ಇಷ್ಟ."

ಒಳಗೆ ಅಮ್ಮ ತಟ್ಟೆ ತೊಳೆಯುವ ಸದ್ದು ನಿಂತಿತು.

ನವ್ಯಶ್ರೀ ಪೆನ್ಸಿಲನ್ನು ಎತ್ತಿ ಅವನ ಕೈಗಿಟ್ಟಳು.

"ಅಡುಗೆಮನಿ ಸ್ವಲ್ಪ ದೊಡ್ಡದ್ ಬರಿನಿ."

"ಎಷ್ಟ್ ದೊಡ್ಡದ್?"

"ಇಬ್ರ್ ಒಟ್ಟಿಗೆ ನಿಂತ್ ಅಡುಗೆ ಮಾಡುವಷ್ಟ್."

"ನೀವೂ ಅಮ್ಮನೂ ಅಲ್ದಾ?"

"ಅಮ್ಮಂಗೆ ಅಡುಗೆ ಮಾಡಿ ಸಾಕಾಯ್ತಂಬ್ರ್," ಅವಳು ತಲೆ ತಗ್ಗಿಸಿ ನಕ್ಕಳು. "ನಿಮ್ಗೆ ಮೀನ್ ಕೊಯ್ಯೂಕೆ ಬತ್ತಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಇಲ್ಲ... ಕಲ್ತ್ಕಂತೆ."